ಬಣ್ಣ ಹಚ್ಚದ ಎಲೆಕ್ಟ್ರೋಡ್

ಬಣ್ಣ ಹಚ್ಚದ ಬರೀ ಎಲೆಕ್ಟ್ರೋಡ್ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಮಂಜುಶ್ರೀಗೆ ಅಳು ಬರುವುದೊಂದು ಬಾಕಿ. ಸೋಲದೇವನಹಳ್ಳಿಯ ಕಾಲೇಜಿನ ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಇದು ಆರನೆಯ ಸಲ. ಗ್ರ್ಯಾಫೈಟ್ ಪುಡಿಗೆ ಎಣ್ಣೆ ಹಾಕಿ ಅರೆದು, ಆ ಕರಿ ಮುದ್ದೆಯನ್ನು ಸಣ್ಣ ಕೊಳವೆಗೆ ತುಂಬಿ, ಕೊಳವೆಯ ಬಾಯನ್ನು ಕಾಗದದ ಮೇಲೆ ತಿಕ್ಕಿ ಹೊಳಪು ಮಾಡಿದ್ದಳು. ಅದನ್ನು ಪ್ಯಾರಾಸಿಟಮಾಲ್ ಕರಗಿಸಿದ ನೀರಿಗೆ ಇಳಿಸಿದರೆ ಕಂಪ್ಯೂಟರಿನಲ್ಲಿ ಗೆರೆಯೊಂದು ಗುಡ್ಡದಂತೆ ಏಳುತ್ತದೆ. ಅವಳ ಮೂರು ವರ್ಷದ ಪಿಎಚ್‌ಡಿ ಹೇಳುವುದಿಷ್ಟೇ: ಎಲೆಕ್ಟ್ರೋಡಿನ ಬಾಯಿಗೆ ಬಣ್ಣದ ತೆಳು ಪದರ ಕೂರಿಸಿದರೆ ಗುಡ್ಡ ಮೂರು ಪಟ್ಟು ಎತ್ತರವಾಗುತ್ತದೆ, ಔಷಧಿ ಎಷ್ಟೇ ಕಮ್ಮಿ ಇದ್ದರೂ ಸಿಕ್ಕಿಬೀಳುತ್ತದೆ. ಈಗ ನೋಡಿದರೆ ಬಣ್ಣ ಹಚ್ಚಿದ್ದರದ್ದೂ ಹಚ್ಚದ್ದರದ್ದೂ ಗುಡ್ಡ ಒಂದೇ ಎತ್ತರ.

ಅವಳ ಪೇಪರ್ ಓದಿದ ಜರ್ನಲ್‌ನವರು ಬರೀ ಎಲೆಕ್ಟ್ರೋಡನ್ನು ಇನ್ನೊಮ್ಮೆ ಅಳೆದು ತೋರಿಸಿ ಎಂದಿದ್ದರು. ನಾಳೆಯೇ ಕೊನೆ ದಿನ. ಪೇಪರ್ ಅಚ್ಚಾಗದೆ ಥೀಸಿಸ್ ಕೊಡುವಂತಿಲ್ಲ.

ಎಡವಟ್ಟು ಎಲ್ಲಾಗಿದೆ ಎಂದು ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಮೊದಲ ವರ್ಷ ಅವಳಿಗೆ ಸರಿಯಾಗಿ ತುಂಬಲು ಬರುತ್ತಿರಲಿಲ್ಲ. ಒಳಗೆ ಗಾಳಿ ಉಳಿದು ಗುಡ್ಡ ಏಳುತ್ತಲೇ ಇರಲಿಲ್ಲ. ಬರೀ ಎಲೆಕ್ಟ್ರೋಡುಗಳನ್ನೆಲ್ಲ ಅಳೆದದ್ದು ಆಗಲೇ. ಬಣ್ಣದ ಸರದಿ ಬರುವಷ್ಟರಲ್ಲಿ ಕೈ ಪಳಗಿತ್ತು. ಗುಡ್ಡ ಎತ್ತರವಾದದ್ದು ಕೈಯಿಂದ, ಬಣ್ಣದಿಂದಲ್ಲ. ಹಾಳು ಬಣ್ಣ! ಅದಕ್ಕಾಗಿ ಮೂರು ವರ್ಷ ಮಾಕಳಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದಿದ್ದಳು.

ಗೈಡ್ ನಾಗಭೂಷಣ ಎರಡೂ ಗ್ರಾಫ್ ನೋಡಿ ಮುಖ ಸಿಂಡರಿಸಿದರು.

“ಅಷ್ಟೊಂದು ಗಟ್ಟಿಯಾಗಿ ಯಾಕಮ್ಮ ತುಂಬ್ತೀಯ? ಫಸ್ಟ್ ಇಯರ್‌ನಲ್ಲಿ ತುಂಬ್ತಿದ್ಯಲ್ಲ, ಹಂಗ್ ತುಂಬು.”

ನಾಚಿಕೆ ಬಿಟ್ಟು ಅದನ್ನೂ ಮಾಡಿ ನೋಡಿದಳು. ಸಡಿಲ ಬಿಡೋಣವೆಂದರೂ ಹೆಬ್ಬೆರಳು ತಾನಾಗಿ ಒತ್ತಿಬಿಡುತ್ತಿತ್ತು. ಗುಡ್ಡ ಮತ್ತೆ ಅಷ್ಟೇ ಎತ್ತರ.

“ನಂಗೆ ಕೆಟ್ಟದಾಗಿ ಮಾಡೋಕೆ ಬರ್ತಿಲ್ಲ ಸರ್.”

“ಕೊಡಿಲ್ಲಿ.” ಹತ್ತು ವರ್ಷದಿಂದ ಕೊಳವೆ ಮುಟ್ಟದ ನಾಗಭೂಷಣ ಅಂಗಿಯ ತೋಳು ಮಡಚಿಕೊಂಡು ಕೂತರು. ಅರ್ಧ ಮುದ್ದೆ ಮೇಜಿಗೆ, ಇನ್ನರ್ಧ ಕೊಳವೆಗೆ. ಕಾಗದದ ಮೇಲೆ ಎರಡು ಸಲ ಉಜ್ಜಿದ ಶಾಸ್ತ್ರ ಮಾಡಿ ನೀರಿಗೆ ಇಳಿಸಿದರು. ಗೆರೆ ಒಂಚೂರು ಉಬ್ಬಿ ಮಲಗಿತು.

“ನೋಡು, ಬಂತು!” ಎಂದು ಖುಷಿಯಿಂದ ಎದ್ದೇಬಿಟ್ಟರು. “ಬರ್ಕೊಂಡು ಬೇಗ ಕಳಿಸ್ಬಿಡು.”

ಮಂಜುಶ್ರೀಗೆ ಮೈಯೆಲ್ಲ ಉರಿಯಿತು. ಇವರ ಸಹಿಯಿಲ್ಲದೆ ಥೀಸಿಸ್ ಒಂದಿಂಚೂ ಅಲುಗುವುದಿಲ್ಲ, ಗೊತ್ತು. ಆದರೂ ಲ್ಯಾಬ್ ಪುಸ್ತಕ ಬಿಡಿಸಿ ಅಳತೆ ಬರೆದಳು. ತಯಾರಿಸಿದವರು ಎಂಬಲ್ಲಿ ಡಾ. ನಾಗಭೂಷಣ ಎಂದು ದುಂಡಗೆ ತುಂಬಿ, ಪುಸ್ತಕವನ್ನು ಅವರ ಮುಂದಿಟ್ಟಳು.

ಹೆಸರು ಓದುತ್ತಲೇ ಅವರ ಖುಷಿ ಇಳಿಯಿತು. “ಏನಮ್ಮ ಇದು?”

“ಸೈನ್ ಮಾಡಿ ಸರ್. ಇಷ್ಟು ಕೆಟ್ಟದಾಗಿ ತುಂಬಿದ್ದು ನಾನು ಅಂದ್ರೆ ಯಾರೂ ನಂಬಲ್ಲ.”