ಅರವತ್ತನೆಯ ಚೀಟಿ

ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಕಟ್ಟಿದ್ದ ಹಗ್ಗದಲ್ಲಿ, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿದ ಚೀಟಿಗಳು ಫ್ಯಾನಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಒಂದು ಚೀಟಿಗೆ ಒಂದು ದೃಶ್ಯ. ಹದಿನಾರರ ಆಸುಪಾಸಿನ ಎಂಟು ಮಂದಿ ಸೇರಿ ಎರಡು ಗಂಟೆಯ ಸಿನಿಮಾಕ್ಕೆ ಚಿತ್ರಕಥೆ ಬರೆಯುತ್ತಿದ್ದರು. ಕಲಿಸುತ್ತಿದ್ದವಳು ನಾನು. ದಿನವೂ ಎಲ್ಲರಿಗಿಂತ ಮೊದಲು ಬಂದು ಚೀಟಿಗಳನ್ನು ಎಣಿಸದಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ.

ಮನೆ ಬಿಟ್ಟು ಹೋದ ತಾಯಿಯ ಕತೆ ಅದು. ಕೊನೆಯ, ಅರವತ್ತನೆಯ ಚೀಟಿಯಲ್ಲಿ ಒಂದೇ ಸಾಲು: 'ಅಮ್ಮ ಬಾಗಿಲು ತಟ್ಟುತ್ತಾಳೆ.'

ಒಂದು ಸೋಮವಾರ ಅದು ಐವತ್ತೆರಡನೆಯ ಜಾಗದಲ್ಲಿತ್ತು. ಸರಿಪಡಿಸಿದೆ. ಮಂಗಳವಾರ ನಲವತ್ತರಲ್ಲಿ. ಬುಧವಾರ ಇಪ್ಪತ್ತೊಂದರಲ್ಲಿ. ಶನಿವಾರ ಎಲ್ಲರೆದುರು ಓದಬೇಕಾದ ಚಿತ್ರಕಥೆಯನ್ನು ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆಂದು ಒಳಗೊಳಗೇ ಕುದಿದೆ.

"ದೆವ್ವ ಇರ್ಬೇಕು ಮಿಸ್," ಎಂದಳು ಸಕೀನಾ. "ಅದಕ್ಕೂ ಇಂಟರ್‌ವಲ್ ತನಕ ತಾಳ್ಮೆ ಇಲ್ಲ."

ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ನಿರುಪಮಾ ಉಗುರು ಕಚ್ಚುತ್ತಿದ್ದಳು.

"ಕತೆ ನಿಂತಿರೋದೇ ಕಾಯೋದ್ರ ಮೇಲೆ," ಎಂದೆ. "ನಿಜ ಹೇಳ್ಬೇಕಂದ್ರೆ ಅವಳು ಬರದೇ ಇದ್ರೇ ಚೆನ್ನ." ಆ ಚೀಟಿಯನ್ನು ಕಿತ್ತು ನನ್ನ ಪುಸ್ತಕದೊಳಗಿಟ್ಟೆ.

ಗುರುವಾರ ನನಗಿಂತ ಮೊದಲೇ ನಿರುಪಮಾ ಬಂದಿದ್ದಳು. ಬೆಂಚು ಹತ್ತಿ, ಅದೇ ಸಾಲನ್ನು ಹೊಸ ಚೀಟಿಯಲ್ಲಿ ಬರೆದು, ಹಗ್ಗದ ಮೊದಲ ಜಾಗಕ್ಕೆ ಸಿಕ್ಕಿಸುತ್ತಿದ್ದಳು.

"ಇಳಿಯೇ, ಬೀಳ್ತೀಯ!"

ಇಳಿಯಲಿಲ್ಲ. "ಅರವತ್ತು ದೃಶ್ಯ ಕಾಯೋಕ್ಕಾಗಲ್ಲ ಮಿಸ್. ನಮ್ಮಮ್ಮ ಮನೆ ಬಿಟ್ಟು ಹೋಗಿ ಒಂಬತ್ತು ತಿಂಗಳಾಯ್ತು."

ಅಷ್ಟು ದಿನ ನಾನು ಕಾವಲು ಕಾದದ್ದು ಚೀಟಿಗಳಿಗೆ. ಈ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಮತ್ತೆ ಪಾಠವೇ.

"ಮೊದಲ್ನೇ ದೃಶ್ಯದಲ್ಲೇ ಬಂದ್ಬಿಟ್ರೆ, ಆಮೇಲೆ ಏನ್ ತೋರಿಸ್ತೀಯ?"

"ಜಗಳ," ಎಂದಳು. "ಎಲ್ಲಿಗ್ ಹೋಗಿದ್ದೆ ಅಂತ ಕೇಳ್ಬೇಕಲ್ಲ. ಕೇಳಕ್ಕೇ ಎರಡು ಗಂಟೆ ಬೇಕು."

ಓದುವ ದಿನವನ್ನು ಮೂರು ವಾರ ಮುಂದಕ್ಕೆ ಹಾಕಿದೆ. ಅರ್ಧಕ್ಕರ್ಧ ಚೀಟಿ ಹರಿದುಹಾಕಿದೆವು. ಮಕ್ಕಳು ಕೂಗಾಡಿ, ಮುನಿದು, ಹೊಸದಾಗಿ ಬರೆದರು. ಕೊನೆಗೆ ಐವತ್ತೊಂಬತ್ತೇ ದೃಶ್ಯಗಳಾದವು.

ಆ ಶನಿವಾರ ಓದು ಶುರುವಾದಾಗ ಮೊದಲ ದೃಶ್ಯದ ಸದ್ದಿಗೆಂದು ಸಕೀನಾ ಡೆಸ್ಕನ್ನು ಮೂರು ಸಲ ತಟ್ಟಿದಳು. ಹಗ್ಗದ ತುದಿಯಲ್ಲಿ ಖಾಲಿ ಕ್ಲಿಪ್ಪೊಂದು ಗಾಳಿಗೆ ತೂಗುತ್ತಿತ್ತು. ನಿರುಪಮಾ ತಟ್ಟನೆ ತಿರುಗಿ ತರಗತಿಯ ಬಾಗಿಲನ್ನು ನೋಡಿದಳು. ನಾನೂ ನೋಡಿದೆ.