ಗ್ರೀಸು ಹಚ್ಚಿದ ಸ್ಲೇಟು

ಶಂಕರಿ ಸ್ಲೇಟಿಗೆ ಗ್ರೀಸು ಬಳಿಯುತ್ತಿದ್ದಳು, ಬೆರಳಿನ ಗೆರೆ ಉಳಿಯದಷ್ಟು ತೆಳ್ಳಗೆ.

"ಇದೆಂಥ ಆಟ ಮಾರಾಯ್ತಿ? ಸೀರೆಗೆ ತಾಗಿದರೆ ಹೋಗ್ಲಿಕ್ಕಿಲ್ಲ" ಎಂದಳು ಗಂಡನ ಅಕ್ಕ ವಾಗ್ದೇವಿ.

"ಕಳ್ಳಿ ಅಂತ ಹೆಸರು ತಾಗಿದರೆ ಹೋಗ್ತದಾ ಅತ್ತಿಗೆ?"

ವಾಗ್ದೇವಿ ಬೀದಿಯ ಕಡೆ ನೋಡಿದಳು. ಹೋದ ತಿಂಗಳು, ತೀರಿಹೋದ ತಾಯಿಯ ವಜ್ರದ ಮೂಗುತಿಯನ್ನು ಮಗಳ ಮದುವೆಗೆ ಹೊಸದಾಗಿ ಕಟ್ಟಿಸಲು ಅವಳು ಪಾಣೆಮಂಗಳೂರಿನ ಇದೇ ಅಕ್ಕಸಾಲಿಗರ ಅಂಗಡಿಗೆ ತಂದಿದ್ದಳು. ಚಿನ್ನಯ್ಯ ಆಚಾರ್ಯರು ಕಲ್ಲು ಬಿಚ್ಚಿ, ಬೆಳಕಿಗೆ ಹಿಡಿದು, ಗಾಜು ಎಂದರು. ಅತ್ತೆ ತೀರಿಹೋದ ಮೇಲೆ ಹತ್ತು ವರ್ಷ, ಮೂಗುತಿ ಇದ್ದ ಪೆಟ್ಟಿಗೆಯ ಬೀಗದ ಕೈ ಶಂಕರಿಯ ಸೊಂಟದಲ್ಲಿತ್ತು. ಕಲ್ಲು ಬದಲಿಸಿದವಳು ಅವಳೇ ಎನ್ನಲು ಅಷ್ಟು ಸಾಕಾಯಿತು. ಬಡಿಸುವಾಗ ಗಂಡ ಅವಳ ಮುಖ ನೋಡುವುದನ್ನು ಬಿಟ್ಟ.

ಶಂಕರಿ ತನ್ನ ತಮ್ಮ ಮಹೇಶ್ವರನಿಗೆ ಬರೆದಳು. ಅವನು ಪನ್ನಾದ ವಜ್ರದ ಗಣಿಯಲ್ಲಿ ಕೆಲಸಕ್ಕಿದ್ದ. ಉತ್ತರ ನಾಲ್ಕು ಪುಟ: ಒಂದು ಕಾಲಕ್ಕೆ ಲೋಕದ ವಜ್ರವೆಲ್ಲ ಕೃಷ್ಣೆಯ ದಂಡೆಯಿಂದ ಹೋಗುತ್ತಿತ್ತು ಅಕ್ಕಾ. ಆಮೇಲೆ ಬ್ರೆಜಿಲ್, ಆಫ್ರಿಕ. ನಮಗೆ ಉಳಿದದ್ದು ಈ ಪನ್ನಾ. ನೂರು ಟನ್ನು ಕಲ್ಲು ಪುಡಿ ಮಾಡಿದರೆ ಎರಡು ಗ್ರಾಮು ವಜ್ರ. ಅದನ್ನು ಕಣ್ಣಿನಿಂದ ಹುಡುಕುವುದಿಲ್ಲ. ಗ್ರೀಸು ಹಚ್ಚಿದ ಹಲಗೆಯ ಮೇಲೆ ನೀರಿನೊಂದಿಗೆ ಹರಿಸುತ್ತೇವೆ. ಬೇರೆ ಕಲ್ಲು ಒದ್ದೆಯಾಗಿ ಜಾರಿಹೋಗುತ್ತದೆ. ವಜ್ರಕ್ಕೆ ನೀರು ಹಿಡಿಯದು, ಗ್ರೀಸಿಗೆ ಅಂಟಿ ನಿಲ್ಲುತ್ತದೆ.

ಈಗ ಗ್ರೀಸು ಬಳಿದಾದ ಮೇಲೆ ಶಂಕರಿ ಆಚಾರ್ಯರ ಡಬ್ಬಿಯಿಂದ ಅದೇ ಗಾತ್ರದ ಹತ್ತು ಗಾಜಿನ ಹರಳು ತೆಗೆಸಿದಳು. ಮೂಗುತಿಯ ಕಲ್ಲನ್ನು ಅವುಗಳೊಂದಿಗೆ ಸೋಪಿನ ನೀರಿನಲ್ಲಿ ತಿಕ್ಕಿದಳು. ಅತ್ತೆ ಎಣ್ಣೆಸ್ನಾನಕ್ಕೂ ಮೂಗುತಿ ಬಿಚ್ಚಿದವಳಲ್ಲ; ನಲವತ್ತು ವರ್ಷದ ಜಿಡ್ಡು ಅದರಲ್ಲಿತ್ತು, ಜಿಡ್ಡಿದ್ದರೆ ಗಾಜೂ ಅಂಟೀತು. ಚೆನ್ನಾಗಿ ತೊಳೆದು, ಎಲ್ಲವನ್ನೂ ಚೆಂಬಿನ ನೀರಿಗೆ ಹಾಕಿ, ಓರೆಯಾಗಿ ಹಿಡಿದ ಸ್ಲೇಟಿನ ಮೇಲೆ ಸುರಿದಳು.

ಹತ್ತು ಹರಳು ತಟ್ಟೆಗೆ ಉದುರಿದವು. ಒಂದು ಉದುರಲಿಲ್ಲ.

ಗ್ರೀಸು ಕೊಟ್ಟ ಸೈಕಲ್ ಅಂಗಡಿಯ ಇಬ್ರಾಹಿಂ ಖಲೀಲ್ ಬಾಗಿಲಲ್ಲೇ ಕೂಗಿದ: "ಹಿಡ್ಕೊಂಡಿತು ನೋಡಿ ಆಚಾರ್ರೆ! ನನ್ನ ಗ್ರೀಸು ಒಳ್ಳೇದುಂಟು!"

"ಇನ್ನೊಮ್ಮೆ ಮಾಡುವ" ಎಂದಳು ಶಂಕರಿ.

ಮೂರು ಸಲ ಮಾಡಿದಳು. ಮೂರು ಸಲವೂ ಅದೊಂದೇ ನಿಂತಿತು. ಮೂರನೆಯ ಸಲ ಚೆಂಬು ಹಿಡಿದದ್ದು ಸ್ವತಃ ಆಚಾರ್ಯರು.

"ಹಳೇ ಕಾಲದ ಕೆತ್ತನೆ, ಮೇಲೆ ಚಪ್ಪಟೆ. ಈಗಿನದ್ದರ ಹಾಗೆ ಮಿಂಚುವುದಿಲ್ಲ" ಎಂದರು ಅವರು, ಕನ್ನಡಕ ಒರೆಸುತ್ತ. "ನಾನು ಮಿಂಚು ನೋಡಿ ಹೇಳಿದ್ದು. ತಪ್ಪು ನನ್ನದೇ ಅಮ್ಮಾ."

"ಅದನ್ನು ನಮ್ಮ ಮನೆಗೆ ಬಂದು ಹೇಳಿ. ಯಜಮಾನರು ಊಟಕ್ಕೆ ಕೂತಾಗ."

"ಬರ್ತೇನೆ. ಇವತ್ತೇ ಬರ್ತೇನೆ."

ಶಂಕರಿ ನಕ್ಕಳು. ಇಡೀ ಬೀದಿಗೆ ಕೇಳುವಂತೆ, ಗ್ರೀಸಿನ ಕೈಯನ್ನು ಗಾಳಿಯಲ್ಲಿ ಹಾಗೇ ಎತ್ತಿಕೊಂಡು.

ವಾಗ್ದೇವಿ ಕಲ್ಲನ್ನು ಸ್ಲೇಟಿನಿಂದ ಕಿತ್ತು, ಸೆರಗಿನಲ್ಲಿ ಒರೆಸಿ, ಅತ್ತಿಗೆ ನಾದಿನಿಯರ ಜಗಳ ಎಂದೂ ಇರಲೇ ಇಲ್ಲ ಎಂಬ ದನಿಯಲ್ಲಿ ಹೇಳಿದಳು: "ಇದು ನಿನಗೇ ಇರಲಿ ಶಂಕರಿ. ಮಗಳಿಗೆ ಬೇರೆ ಮಾಡಿಸ್ತೇನೆ. ಅಮ್ಮನದ್ದು, ನೀನೇ ಹಾಕಿಕೋ."

"ನನಗೆ ಬೇಡ" ಎಂದಳು ಶಂಕರಿ.