ಜ್ವರ ಬಿಟ್ಟ ಮೇಲೆ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಮೊದಲ ಬಸ್ಸು ತೋಡಾರಿನ ತಿರುವಿನಲ್ಲಿ ಹಾರ್ನು ಹಾಕಿತು, ಹಾಕಿ ಅರ್ಧಕ್ಕೇ ನಿಲ್ಲಿಸಿತು — ಡ್ರೈವರನಿಗೆ ನೆನಪಾಗಿರಬೇಕು, ಟಯರು ಅಂಗಡಿಯ ಶಟರು ಕೆಳಗಿದೆ, ಕೈ ಎತ್ತಲು ಜಿತೇಶ್ ಅಲ್ಲಿಲ್ಲ — ಸಾತ್ವಿಕಾ ಅಂಗಡಿಯ ಹಿಂದಿನ ಮನೆಯ ಅಡುಗೆಕೋಣೆಯಲ್ಲಿ ನಿಂತು ಉಳಿದ ಅರ್ಧ ಹಾರ್ನಿಗೆ ಕಾದಳು, ಬರಲಿಲ್ಲ, ಹಾಲು ಉಕ್ಕಿತು, ಒಲೆ ಆರಿಸಿದಳು. ನಿನ್ನೆ ಗಂಡನ ಬೊಜ್ಜ, ಉತ್ತರಕ್ರಿಯೆ, ಮುಗಿಯಿತು, ಊಟದ ಎಲೆ ಎತ್ತಿದ ಮೇಲೆ ನೆಂಟರು ಹೋದರು, ಬಾಡಿಗೆಯ ಕುರ್ಚಿಗಳೂ ಹೋದವು, ಇವತ್ತು ಬರೀ ಬುಧವಾರ, ಕಸದ ಗಾಡಿ ಬರುವ ದಿನ, ಹಲ್ಲುಜ್ಜಬೇಕು, ಬಚ್ಚಲಿನ ಗೂಡಿನಲ್ಲಿ ಬ್ರಶ್ಶಿನ ಲೋಟಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಬ್ರಶ್ಶಲ್ಲ, ಬಿಳಿ ಪ್ಲಾಸ್ಟಿಕ್ಕಿನ ಥರ್ಮಾಮೀಟರು, ಬೀಪಾತುಮ್ಮನದ್ದು, ಬೇಲಿಯಾಚೆ ಮನೆಯದ್ದು, ಕೊಡಲು ಮರೆತದ್ದು. ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು, ಪುಟ್ಟ ಕಿಟಕಿಯಲ್ಲಿ ಅಂಕಿ ಬಂತು, ತೊಂಬತ್ತೇಳು ಪಾಯಿಂಟ್ ನಾಲ್ಕು, ಅವಳ ಮೈಯದ್ದಲ್ಲ, ಈ ಯಂತ್ರ ಕೊನೆಯ ಸಲ ನೋಡಿದ್ದನ್ನು ಇಟ್ಟುಕೊಂಡಿರುತ್ತದೆ, ಇನ್ನೊಬ್ಬರಿಗೆ ಇಡುವ ತನಕ, ಹಾಗಾದರೆ ಇದು ಜಿತೇಶನದ್ದು, ಜಿತೇಶನ ಕಂಕುಳಿನದ್ದು, ಆ ಬೆಳಗ್ಗಿನದ್ದು — ಸರಿಯಾದ ಅಂಕಿ. ನೋಡುತ್ತಿದ್ದ ಹಾಗೆ ಅಳಿಸಿಹೋಯಿತು. ಮತ್ತೆ ಒತ್ತಿದಳು, ಮತ್ತೆ ಬಂತು.

ಅತ್ತೆ ಕಾಂತಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ, ಅದು ಬೀಪಾತುಮ್ಮನದ್ದಲ್ವಾ, ಕೊಟ್ಟು ಬಾ, ಹೋದವನ ತಲೆ ಮೇಲೆ ಇನ್ನೊಬ್ಬರ ವಸ್ತು ಇರ್ಬಾರ್ದು. ಅತ್ತೆಯ ಕಣ್ಣು ಒಣಗಿದೆ, ಸ್ವರವೂ. ಕೊಡಬೇಕು, ಹೌದು, ಕೊಟ್ಟರೆ ಅವರು ಯಾರಿಗೋ ಇಡುತ್ತಾರೆ, ಇಟ್ಟರೆ ಇದು ಹೋಗುತ್ತದೆ, ಫೋಟೋ ಉಂಟು, ಅಂಗಿ ಉಂಟು, ಆದರೆ ಅವನ ಮೈಯ ಬಿಸಿ ಇದೊಂದರಲ್ಲೇ. ಅವನೇ ಬೇಲಿಯ ಹತ್ತಿರ ನಿಂತು ಕೇಳಿ ತಂದದ್ದು, ಮೈ ಸುಡುತ್ತಿದ್ದರೂ ನಗು, ಬೀಪಾತುಮ್ಮ, ನಿಮ್ಮ ಮೀಟರು ಕೊಡಿ, ನನ್ನಲ್ಲಿ ಗಾಳಿ ಎಷ್ಟುಂಟು ನೋಡುವ, ಅದಕ್ಕೆ ಬೀಪಾತುಮ್ಮ, ನಿನ್ನಲ್ಲಿ ಬರೀ ಗಾಳಿಯೇ ಮಾರಾಯ, ಅದಕ್ಕೆ ಮೀಟರು ಯಾಕೆ. ಇಬ್ಬರ ನಡುವೆ ಹಳೆ ಟಯರುಗಳ ರಾಶಿ, ಟಯರಿನೊಳಗೆ ನೀರು, ಆಶಾ ಕಾರ್ಯಕರ್ತೆ ಬಂದು, ಸೊಳ್ಳೆ ಆಗ್ತದೆ, ಮಗುಚಿ ಹಾಕಿ ಎಂದಿದ್ದಳು, ನಾಳೆ ಹಾಕ್ತೇನೆ ಎಂದಿದ್ದ.

ಜ್ವರ ಏರಿದಾಗ ಮೂಡುಬಿದಿರೆಗೆ ಕರೆದುಕೊಂಡು ಹೋದದ್ದು ಅವಳೇ, ತಡ ಮಾಡಿದವಳಲ್ಲ ಅವಳು, ರಕ್ತ ಪರೀಕ್ಷೆಗೆ ಕೊಟ್ಟರು, ಡೆಂಗ್ಯೂ ಎಂದು ಬಂತು, ಡಾಕ್ಟರು ನಿಧಾನಕ್ಕೆ ಹೇಳಿದರು, ಪ್ಯಾರಸಿಟಮಾಲ್ ಮಾತ್ರ, ಬೇರೆ ನೋವಿನ ಮಾತ್ರೆ ಮುಟ್ಬೇಡಿ, ನೀರು ಕುಡೀತಾ ಇರಿ, ಜ್ವರ ಬಿಟ್ಟ ದಿನ ಮತ್ತೆ ಬನ್ನಿ, ರಕ್ತ ನೋಡುವ. ಸ್ಕೂಟರಿನಲ್ಲಿ ಹಿಂದೆ ಕೂತು ಜಿತೇಶ್ ಅವಳ ಬೆನ್ನಿಗೆ ಹಣೆ ಆನಿಸಿ ನಕ್ಕ, ಜ್ವರ ಇರುವಾಗ ಹೋದ್ರೆ ಜ್ವರ ಬಿಟ್ಟ ಮೇಲೆ ಬಾ ಅಂತಾರೆ, ಪಂಕ್ಚರಾದ ಟಯರು ತಂದವನಿಗೆ ಗಾಳಿ ನಿಂತ ಮೇಲೆ ಬಾ ಅಂತ ನಾನು ಹೇಳಿದ್ರೆ ಬೈಯುದಿಲ್ವಾ ಜನ. ಅವಳೂ ನಕ್ಕಳು. ಬೆನ್ನ ಮೇಲೆ ಆ ಬಿಸಿ, ರವಿಕೆ ದಾಟಿ ಬರುವ ಬಿಸಿ, ಆಗ ಹೆದರಿದ್ದು ಆ ಬಿಸಿಗೆ, ಬಿಸಿ ಎಂದರೆ ಅಪಾಯ, ತಣ್ಣಗೆ ಎಂದರೆ ವಾಸಿ, ಇದನ್ನು ಯಾರೂ ಕಲಿಸುವುದಿಲ್ಲ, ಅಮ್ಮಂದಿರ ಅಂಗೈಯಿಂದ ಬರುತ್ತದೆ. ಆ ಬೆಳಗ್ಗೆ ಟೀಂ ಟೀಂ ಎಂದಿತು ಮೀಟರು, ಅತ್ತೆ ಓಡಿ ಬಂದರು, ಎಷ್ಟು, ತೊಂಬತ್ತೇಳು ಪಾಯಿಂಟ್ ನಾಲ್ಕು, ಜ್ವರ ಬಿಟ್ಟಿತು, ದೇವರು ದೊಡ್ಡವನು, ಅತ್ತೆ ಹಂಡೆಗೆ ಬೆಂಕಿ ಹಾಕಿದರು, ಜ್ವರ ಬಿಟ್ಟವನಿಗೆ ಬಿಸಿನೀರಿನ ಸ್ನಾನ, ಆಮೇಲೆ ಗಂಜಿ, ಉಪ್ಪಿನಕಾಯಿ, ಈ ಮನೆಯಲ್ಲಿ ಯಾವತ್ತೂ ಹಾಗೆಯೇ, ಮಿಂದರೆ ಜ್ವರದ ಕೊಳೆ ಹೋಗುತ್ತದೆ. ಮಿಂದು ಬಂದ. ಟವೆಲು ಕೊಡುವಾಗ ಬೆರಳು ತಾಗಿತು, ತಣ್ಣಗೆ, ಒದ್ದೆ ತಣ್ಣಗೆ, ನಿಮ್ಮ ಕೈ ಯಾಕೆ ಹೀಗೆ, ಈಗ ಮಿಂದದ್ದಲ್ವಾ, ಅದಕ್ಕೆ, ಅವನಲ್ಲ ಹೇಳಿದ್ದು, ಅತ್ತೆ, ಇಲ್ಲ, ಅವಳೇ ಹೇಳಿಕೊಂಡಳೇ — ಯಾರೋ ಹೇಳಿದರು, ಮೂವರೂ ನಂಬಿದರು. ಡಾಕ್ಟರು ಬರಲಿಕ್ಕೆ ಹೇಳಿದ್ದರಲ್ವಾ ಎಂದಳು, ನಾಳೆ ಹೋಗುವ, ಸ್ವಲ್ಪ ಹೊಟ್ಟೆ ನೋವು, ಗಂಜಿ ಹೊಟ್ಟೆಗೆ ಹೋಗಲಿ, ಎಂದ. ಗಂಜಿ ಕಾರಿದ. ಮತ್ತೆ ಕಾರಿದ. ತುಂಬ ದಿನ ಹೊಟ್ಟೆ ಖಾಲಿ ಇತ್ತಲ್ವಾ. ಉಗುಳಿದಾಗ ವಸಡಿನ ರಕ್ತ, ಬ್ರಶ್ಶು ಹೊಸತು, ಗಟ್ಟಿ. ಮಲಗಿದಲ್ಲೇ ಹೊರಳಾಡಿದ, ಆಮೇಲೆ ಹೊರಳಾಟ ನಿಂತಿತು, ನಿದ್ದೆ ಬಂತು ಎಂದುಕೊಂಡು ಬಾಗಿಲು ಓರೆ ಮಾಡಿದಳು, ಪಾತ್ರೆಯ ಸದ್ದಾಗದ ಹಾಗೆ ತೊಳೆದಳು, ಕೊಣಾಜೆಯ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಬಾಟನಿ ಮಾಡಿದವಳು, ಗಿಡ ಬಾಡುವುದು ಹೇಗೆ ಎಂದು ಸೆಮಿನಾರು ಕೊಟ್ಟವಳು, ನೀರು ಜೀವಕೋಶದ ಗೋಡೆ ದಾಟಿ ಹೊರಗೆ ಹೋಗುವುದು, ಎಲೆ ಮುದುಡುವುದು, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದವಳು. ಮಧ್ಯಾಹ್ನ ಎಬ್ಬಿಸಲು ಹೋದಾಗ ಅವನಿಗೆ ಅವಳ ಹೆಸರು ಬರಲಿಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಕೇಳಿದ್ದು ಒಂದೇ, ಜ್ವರ ಬಿಟ್ಟದ್ದು ಯಾವಾಗ, ಸಾತ್ವಿಕಾ ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು, ಬೆಳಗ್ಗೆಯೇ ಬಿಟ್ಟಿದೆ ಡಾಕ್ಟ್ರೇ, ಪೂರ್ತಿ ಬಿಟ್ಟಿದೆ. ಆ ಹುಡುಗಿ ತಲೆ ಎತ್ತಿ ನೋಡಿದಳು. ಜ್ವರ ಇಳಿಯುವಾಗಲೇ ಇದರಲ್ಲಿ ಅಪಾಯ ಅಕ್ಕ, ರಕ್ತದ ನೀರು ನಾಳದಿಂದ ಹೊರಗೆ ಸೋರ್ತದೆ, ಹೊಟ್ಟೆ ನೋವು, ವಾಂತಿ, ಕೈಕಾಲು ತಣ್ಣಗೆ, ಒಂದೂ ಕಾಣ್ಲಿಲ್ವಾ. ಕಂಡಿತ್ತು. ಎಲ್ಲವೂ ಕಂಡಿತ್ತು.

ಬೇಲಿಯ ಸಂದಿಯಲ್ಲಿ ದಾಟಿದಳು, ಮುಷ್ಟಿಯೊಳಗೆ ಮೀಟರು, ಟಯರುಗಳನ್ನು ಯಾರೋ ಮಗುಚಿ ಹಾಕಿದ್ದಾರೆ, ಈಗ. ಬೀಪಾತುಮ್ಮ ಅಂಗಳದಲ್ಲೇ ಇದ್ದರು, ಬಾ ಮಗಳೇ, ಕೂತ್ಕೊ, ನೋಡು, ನಿನ್ನನ್ನು ಕೇಳ್ಲಿಕ್ಕೆ ಮುಖ ಇರ್ಲಿಲ್ಲ, ಆ ಮನೆಯಲ್ಲಿ ಹಾಗಾಗಿರುವಾಗ ಒಂದು ಮೀಟರಿಗೆ ಹೋಗುದು ಹೇಗೆ, ನಮ್ಮ ರಶೀನಾಳಿಗೂ ಜ್ವರ ಮಾರಾಯ್ತಿ, ಅಂಗೈಯಲ್ಲೇ ನೋಡಿದ್ದು, ಇವತ್ತು ಬಿಟ್ಟಿತು, ಈಗ ಮೀಯಿಸಿದೆ. ಜಗಲಿಯ ಚಾಪೆಯಲ್ಲಿ ಸೊಸೆ ರಶೀನಾ ಗೋಡೆಗೆ ಒರಗಿದ್ದಳು, ಒದ್ದೆ ಕೂದಲಿಗೆ ಬಿಗಿದ ಟವೆಲು, ಪಕ್ಕದಲ್ಲಿ ಮುಟ್ಟದ ಗಂಜಿ, ದಮ್ಮಾಮಿನಲ್ಲಿರುವ ಗಂಡ ಫೋನಿನಲ್ಲಿ ಏನೋ ಕೇಳುತ್ತಿದ್ದಾನೆ, ಅವಳು ಹೂಂ ಎನ್ನುತ್ತಾಳೆ, ಹೂಂ. ಕೊಡು ಇಲ್ಲಿ, ಒಮ್ಮೆ ನೋಡಿಯೇ ಬಿಡುವ, ಬೀಪಾತುಮ್ಮನ ಕೈ ಚಾಚಿತು. ಕೊಡಲು ಆಗಲಿಲ್ಲ. ಗುಂಡಿ ಒತ್ತಿ ಒಮ್ಮೆ ನೋಡಿದಳು, ತೊಂಬತ್ತೇಳು ಪಾಯಿಂಟ್ ನಾಲ್ಕು, ಇನ್ನೂ ಇದೆ, ಇನ್ನೂ ಇದ್ದಾನೆ, ಆಮೇಲೆ ಬೆರಳು ಬಿಡಿಸಿದಳು, ಕೊಟ್ಟಳು. ಅದು ರಶೀನಾಳ ಕಂಕುಳಿಗೆ ಹೋಯಿತು. ಟೀಂ ಟೀಂ. ಕನ್ನಡಕ ಇಲ್ಲ, ನೀನೇ ಓದು ಎಂದು ಬೀಪಾತುಮ್ಮ ಹಿಡಿದರು, ಅವಳು ಓದಿದಳು, ಬೇರೆ ಅಂಕಿ, ತೊಂಬತ್ತೇಳು ಪಾಯಿಂಟ್ ಆರು, ಅವನದ್ದು ಹೋಯಿತು, ಅಲ್ಹಮ್ದುಲಿಲ್ಲಾ, ಸರಿ ಉಂಟಲ್ವಾ, ಸರಿ ಉಂಟು, ಸರಿಯಾದ ಅಂಕಿ. ಎದ್ದು ಹೋಗಬೇಕಿತ್ತು. ರಶೀನಾ ಹೊಟ್ಟೆ ಒತ್ತಿಕೊಂಡಳು, ಅಷ್ಟೇ, ಸುಮ್ಮನೆ. ಸಾತ್ವಿಕಾ ಅವಳ ಕೈ ಹಿಡಿದಳು.

ತಣ್ಣಗೆ. ಒದ್ದೆ ತಣ್ಣಗೆ.

ಈಗ ಮಿಂದದ್ದಲ್ವಾ, ಅದಕ್ಕೆ, ಎಂದರು ಬೀಪಾತುಮ್ಮ, ನಗುತ್ತಲೇ. ಬಾಯಿ ತೆರೆಯಬೇಕು, ಹೇಳಿದರೆ ಅಪಶಕುನ, ನಿನ್ನೆ ಬಳೆ ತೆಗೆದವಳು ಇವತ್ತು ಇನ್ನೊಬ್ಬರ ಜಗಲಿಯಲ್ಲಿ ಕೂತು — ಆಸ್ಪತ್ರೆಗೆ ಹೋಗುವ, ಎಂದಳು. ಯಾರ ಸ್ವರವೋ. ಈಗಲೇ ಹೋಗುವ. ಬೀಪಾತುಮ್ಮನ ನಗು ಇಳಿಯಿತು, ಜ್ವರ ಬಿಟ್ಟವಳನ್ನು ಯಾಕೆ ಮಗಳೇ, ನಿನ್ನ ದುಃಖ ನನಗೆ ಗೊತ್ತುಂಟು, ಆದ್ರೆ ನಮ್ಮ ಜಗಲಿಯಲ್ಲಿ ಕೂತು ಹಾಗೆಲ್ಲ ಹೇಳ್ಬೇಡ, ಹುಡುಗಿ ಹೆದರ್ತಾಳೆ. ವಾಂತಿ ಆಯ್ತಾ, ಎಂದು ಕೇಳಿದಳು ಸಾತ್ವಿಕಾ, ರಶೀನಾಳನ್ನೇ. ಬೆಳಗ್ಗಿನಿಂದ ಅಕ್ಕ, ಅಮ್ಮನಿಗೆ ಹೇಳ್ಲಿಲ್ಲ. ನಮ್ಮವರಿಗೂ ಬಿಟ್ಟಿತ್ತು ಬೀಪಾತುಮ್ಮ, ಬಿಟ್ಟ ದಿನವೇ ಜೀವ ಹೋದದ್ದು, ಅವರನ್ನೂ ನಾವು ಮೀಯಿಸಿದ್ದೆವು, ಅವರ ಕೈಯೂ ಹೀಗೇ ಇತ್ತು, ಹಿಡಿದು ನೋಡಿ. ಮುದುಕಿ ಹಿಡಿದರು. ಬಿಡಲಿಲ್ಲ.

ರಿಕ್ಷಾ ಬಂತು. ನಡುವೆ ರಶೀನಾ, ಆಚೆ ಬೀಪಾತುಮ್ಮ, ಪ್ರಾರ್ಥನೆಗೆ ತುಟಿ ಅಲ್ಲಾಡುತ್ತಿದೆ, ಈಚೆ ಇವಳು, ಮೂಡುಬಿದಿರೆಯ ರಸ್ತೆ, ಶಟರು ಹಾಕಿದ ಅಂಗಡಿ ಹಿಂದೆ ಉಳಿಯಿತು, ತಣ್ಣನೆಯ ಬೆರಳುಗಳನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಾಳೆ, ಬಿಸಿಯಾಗಲಿ, ಆಗುವುದಿಲ್ಲ, ಬೇಗ ಹೋಗಲಿ ಗಾಡಿ, ಎದುರಿನಿಂದ ಬಸ್ಸು, ಹಾರ್ನು — ಬೀಪಾತುಮ್ಮ ಮೀಟರನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದಾರೆ, ಬೆರಳು ಗುಂಡಿಗೆ ತಾಗಿತೇನೋ, ಪುಟ್ಟ ಕಿಟಕಿ ಎಚ್ಚರಾಯಿತು, ಅಂಕಿ ಬಂತು. ಸರಿಯಾದ ಅಂಕಿ. ಅಳಿಸಿಹೋಯಿತು. ಬಂತು. ಸರಿಯಾದ ಅಂಕಿ.